ಒಂದೂವರೆ ನಿಮಿಷದ ಊರುಗಳು

ಹನ್ನೊಂದು ವರ್ಷ ಈ ಊರುಗಳ ಹೆಸರು ಕೂಗಿದ್ದೇನೆ.
ಶಿಕಾಗೋ ಬಿಟ್ಟು ಪಡುವಣಕ್ಕೆ ಓಡುವ ಗಾಡಿ,
ಕೈಯಲ್ಲಿ ಟಿಕೆಟ್ ತೂತು ಮಾಡುವ ಇಕ್ಕಳ,
ಬಾಯಲ್ಲಿ ಊರು:
ಹಾರ್ಲನ್ ಪಾರ್ಕ್. ವೆಸ್ಟ್ ಆರ್ಡನ್. ಕೆಟಲ್ ಗ್ರೋವ್. ಸೇಂಟ್ ಬ್ರೀಡ್.
ಕೂಗಿ ಕೂಗಿ ಹೆಸರುಗಳ ಅಂಚು ಸವೆದಿದೆ,
ಹಳೇ ನಾಣ್ಯದ ಹಾಗೆ, ಯಾರ ಮುಖವೋ ಕಾಣದು.

ಒಂದರಲ್ಲೂ ಇಳಿದವನಲ್ಲ.
ಪ್ರತಿ ಊರೂ ನನಗೆ ಒಂದೂವರೆ ನಿಮಿಷ:
ಬಾಗಿಲು ತೆರೆ, ಎಡಕ್ಕೆ ನೋಡು, ಬಲಕ್ಕೆ ನೋಡು,
ಬಾಗಿಲು ಮುಚ್ಚು.

ಈಗ ಡನೂಟಾ ಅನ್ನುತ್ತಾಳೆ, ಒಂದನ್ನು ಆರಿಸು.
ಮೂರನೇ ಮಹಡಿ, ಎರಡು ಕೋಣೆ,
ಅತ್ತೆಯೂ ಸೇರಿ ಮಾರ್ಚಿಗೆ ನಾವು ಆರು ಜನ.
ಹಾನ್ಯಾಳ ಹಾಸಿಗೆ ಆಗಲೇ ಫ್ರಿಜ್ಜಿನ ಪಕ್ಕಕ್ಕೆ ಬಂದಿದೆ;
ಅದರ ಗುರುಗುರು ಕೇಳದಿದ್ದರೆ ಈಗ ಅವಳಿಗೆ ನಿದ್ದೆಯೇ ಹತ್ತದು.

ಡನೂಟಾಳ ನೋಟುಬುಕ್ಕಿನಲ್ಲಿ ಗೆರೆ ಎಳೆದ ಮನೆಗಳು:
ಶಾಲೆ, ತೆರಿಗೆ, ನೆಲಮಾಳಿಗೆಗೆ ನೀರು ನುಗ್ಗುತ್ತದೋ,
ತೊದಲುವ ಮಗನಿಗೆ ಮಾತು ತಿದ್ದುವವರು ಇದ್ದಾರೋ,
ಅವಳಮ್ಮನ ಮಂಡಿ ಸಹಿಸುವಷ್ಟು ದೂರದಲ್ಲಿ
ಪೋಲಿಷ್ ಪೂಜೆಯ ಇಗರ್ಜಿ.
ಹತ್ತಕ್ಕೆ ಇಷ್ಟಿಷ್ಟು ಅಂಕ.
ಕೂಡಿ ನೋಡಿದರೆ ಎಲ್ಲ ಊರೂ ಒಂದೇ ದರ್ಜೆಯಲ್ಲಿ ಪಾಸು.

ನನಗೆ ಗೊತ್ತಿರುವುದೇ ಬೇರೆ.
ಹಾರ್ಲನ್ ಪಾರ್ಕಿನ ಕೊಡೆಗಳಿಗೆ ಬಿದಿರ ಹಿಡಿ;
ಮರೆತು ಹೋದವರು ಒಬ್ಬರೂ ಕೇಳಿಕೊಂಡು ಬಂದಿಲ್ಲ.
ವೆಸ್ಟ್ ಆರ್ಡನ್ ಬಂದರೂ ತೂಕಡಿಸುವವನನ್ನು
ಪಕ್ಕದವನು ತಟ್ಟುವುದಿಲ್ಲ;
ಎರಡು ಊರಾಚೆ ಎದ್ದು ಅವನು ಬೈಯುವುದು ನನ್ನನ್ನು.
ಸೇಂಟ್ ಬ್ರೀಡ್‌ನಲ್ಲಿ, ಹಿಮ ಬಿದ್ದ ರಾತ್ರಿ,
ಒಂದು ಕಾರು ಇನ್ನೊಂದರ ಬ್ಯಾಟರಿಗೆ ತಂತಿ ಕೊಟ್ಟು ನಿಂತಿರುತ್ತದೆ,
ಎರಡೂ ಬಾಯಿ ತೆರೆದು,
ಹಕ್ಕಿ ಮರಿಗೆ ಗುಟುಕು ಕೊಡುವ ಹಾಗೆ.
ಇದಕ್ಕೆ ಎಷ್ಟು ಅಂಕ ಎಂದು ಕೇಳಿದೆ.
ಪೆನ್ಸಿಲ್ ಕಚ್ಚಿ ನಕ್ಕಳೇ ಹೊರತು ಬರೆದುಕೊಳ್ಳಲಿಲ್ಲ.

ಅಕ್ಟೋಬರಿನ ಭಾನುವಾರ, ಸಮವಸ್ತ್ರವಿಲ್ಲದೆ, ಇಳಿದೆ.
ಪ್ಲಾಟ್‌ಫಾರ್ಮು ಇಷ್ಟು ಕೆಳಗಿದೆಯೆಂದು ಗೊತ್ತಿರಲಿಲ್ಲ.
ಸೇಂಟ್ ಬ್ರೀಡ್‌ನ ಮನೆ
ನಾವು ಮೆಟ್ಟಿಲು ಹತ್ತುವ ಮೊದಲೇ ಬೇರೆಯವರ ಪಾಲಾಗಿತ್ತು.
ಹಾರ್ಲನ್ ಪಾರ್ಕಿನದು, ಹಾಸಿಗೆಯೇನೋ ಸೊಗಸು,
ನಮ್ಮ ಕಾಲು ಗಿಡ್ಡ.

ಕೆಟಲ್ ಗ್ರೋವ್‌ನಲ್ಲಿ ಹಳಿಯ ಮಗ್ಗುಲಿಗೇ ಒಂದು ಮನೆ.
ಮಾರುವವನು ಗಳಿಗೆಗೊಮ್ಮೆ ಗಡಿಯಾರ ನೋಡಿ
ಹಿತ್ತಲು, ಅಟ್ಟ ಎಂದು ಬೇಗ ಬೇಗ ದಾಟಿಸಿದ.
ಪಾಪ, ಅವನಿಗೇನು ಗೊತ್ತು, ವೇಳಾಪಟ್ಟಿ ನನಗೆ ಬಾಯಿಪಾಠ.
ಎರಡು ಇಪ್ಪತ್ತರದ್ದು ಬರಲಿ ಎಂದು
ಅಡುಗೆಮನೆಯಲ್ಲೇ ನೆಟ್ಟಗೆ ನಿಂತೆ.

ಬಂತು.
ಕಪಾಟಿನ ಬಾಗಿಲು ಹಲ್ಲು ಕಡಿಯಿತು,
ಯಾರೋ ಬಿಟ್ಟುಹೋದ ಚಮಚ ಮೇಜಿನ ತುದಿಯವರೆಗೆ ನಡೆದು ಬಂತು.
ಮಾರುವವನ ಕಿವಿ ಕೆಂಪು.
"ದೊಡ್ಡ ಫ್ರಿಜ್ಜು," ಎಂದಳು ಹಾನ್ಯಾ,
ಬರೀ ನೆಲದ ಮೇಲೆ ಕಾಲು ನೀಡಿ ಮಲಗಿಯೇ ಬಿಟ್ಟಳು.

ನೋಟುಬುಕ್ಕಿನ ಲೆಕ್ಕದಲ್ಲಿ ಅದು ಕೊನೆಯ ಊರು.
ಇಗರ್ಜಿ ದೂರ; ಅತ್ತೆ ಮೂರು ದಿನ
ಪೋಲಿಷ್‌ನಲ್ಲಿ ಮುನಿದು, ನಾಲ್ಕನೆಯ ದಿನ
ಪರದೆಗೆ ಅಳತೆ ಕೊಟ್ಟರು.

ರಾತ್ರಿ ಒಂಬತ್ತು ನಲವತ್ತೇಳಕ್ಕೆ
ನನ್ನ ಮನೆಯನ್ನು ನಾನೇ ದಾಟಿ ಹೋಗುತ್ತೇನೆ, ನಿಲ್ಲುವಂತಿಲ್ಲ.
ಮೊದಲ ಚಳಿಗಾಲವೆಲ್ಲ ಅಡುಗೆಮನೆಯ ದೀಪ ಎರಡು ಸಲ ಮಿನುಗಿತು;
ಕಿಟಕಿಯಲ್ಲಿ ತಲೆಗಳ ಸಾಲು, ಹೊಸದೂ ಒಂದು.
ನಾನು ಲಾಟೀನು ಎತ್ತುತ್ತಿದ್ದೆ.
ಏನೆಂದು ಒಬ್ಬ ಪ್ರಯಾಣಿಕ ಕೇಳಿದ. ಸಿಗ್ನಲ್ಲು, ಎಂದೆ.

ಎರಡನೆಯ ವರ್ಷ, ಒಂದು ಮಂಗಳವಾರ, ಕತ್ತಲು.
ಬುಧವಾರವೂ.
ಎದೆ ಧಸಕ್ಕೆಂದಿತು; ಆಮೇಲೆ ಹೊಳೆಯಿತು:
ಮಲಗಿದ್ದಾರೆ ಅಷ್ಟೇ.
ಗಾಡಿಯ ಸದ್ದಿಗೆ ಇನ್ನು ಯಾರೂ ಏಳುವುದಿಲ್ಲ.

ಮುಂದಿನ ನಿಲ್ದಾಣ ಕೂಗಿದೆ.
ದನಿ ಯಾಕೋ ತಗ್ಗಿತ್ತು.